ಮುಳ್ಳುತಂತಿ ಮತ್ತು ಆಲದ ಗೂಟ

ಸೀಬೆಹಣ್ಣು ತಿನ್ನುವ ಹಕ್ಕಿಗಳು ಗೂಡು ಕಟ್ಟುತ್ತವೆಂದು ಕೆಂಚೇಗೌಡ ತೋಟದಂಚಿನ ಆಲದ ಮರವನ್ನೇ ಕಡಿಸಿದ. ಕೊಂಬೆಗಳನ್ನು ಬಿಸಾಡಲು ಮನಸ್ಸಾಗದೆ, ಹಸಿಯಾಗಿರುವಾಗಲೇ ಬೇಲಿಗೆ ಗೂಟ ಮಾಡಿ ನೆಟ್ಟು, ಮುಳ್ಳುತಂತಿ ಬಿಗಿದ.

“ಇನ್ನು ನೀನು ಮರವಲ್ಲ, ಗೂಟ,” ಎಂದಿತು ಮುಳ್ಳುತಂತಿ. “ನನ್ನನ್ನು ಬಿಗಿಯಾಗಿ ಹಿಡಿದು ನಿಲ್ಲುವುದಷ್ಟೇ ನಿನ್ನ ಕೆಲಸ. ಯಾರನ್ನೂ ಹತ್ತಿರ ಸೇರಿಸಬೇಡ.”

“ಹಿಡಿದುಕೊಳ್ಳುತ್ತೇನೆ. ಆದರೆ ಗೂಟ ಎಂದದ್ದು ನೀನು, ನಾನು ಒಪ್ಪಿಲ್ಲ,” ಎಂದಿತು ಆಲದ ಕೊಂಬೆ.

ಮುಂಗಾರು ಬಿತ್ತು. ಗೂಟ ಚಿಗುರಿತು.

“ಚಿಗುರಲು ನಿನಗೆ ಅಪ್ಪಣೆ ಕೊಟ್ಟವರು ಯಾರು?” ತಂತಿ ಗದರಿತು.

“ಕೇಳಿದವರು ಯಾರು?” ಎಂದಿತು ಆಲ.

ಗೌಡ ಚಿಗುರನ್ನು ಸವರಿಹಾಕಿದ. ಅದು ಮತ್ತೆ ಚಿಗುರಿತು. ಸವರಿ ಸವರಿ ಅವನ ಕೈ ಸೋತಿತೇ ಹೊರತು ಆಲ ಸೋಲಲಿಲ್ಲ. ವರ್ಷಗಳು ಕಳೆದವು. ಒಂದು ಮರವಿದ್ದಲ್ಲಿ ಬೇಲಿಯುದ್ದಕ್ಕೂ ಮರಗಳಾದವು. ಕುಟ್ರುಹಕ್ಕಿ, ಅಳಿಲು, ಬಾವಲಿಗಳು ಬಳಗ ಸಮೇತ ಬಂದು ನೆಲೆಸಿದವು. ದಪ್ಪವಾಗುತ್ತ ಬಂದ ಕಾಂಡದೊಳಗೆ ತಂತಿ ಮುಳ್ಳುಗಳ ಸಮೇತ ಹೂತುಹೋಗತೊಡಗಿತು.

“ಬಿಡು ನನ್ನನ್ನು,” ಎಂದು ತಂತಿ ಅರಚಿತು.

“ಬಿಗಿಯಾಗಿ ಹಿಡಿ ಎಂದದ್ದು ನೀನೇ,” ಎಂದಿತು ಆಲ. “ಹಿಡಿದಿದ್ದೇನೆ.”