ಭಂಗಿ ಗಿಡ ಇರುಳನ್ನು ಅಳೆಯಲು ಕಲಿತದ್ದು

ಬೆಟ್ಟಗಳು ತಾವು ಎಲ್ಲಿ ಕೂರಬೇಕೆಂದು ಆಗಷ್ಟೇ ಗೊತ್ತುಮಾಡಿಕೊಂಡಿದ್ದವು. ಗಾಳಿ, ಮಳೆ, ಗಿಡ, ಮನುಷ್ಯ ಎಲ್ಲರೂ ಆಡುತ್ತಿದ್ದದ್ದು ಒಂದೇ ಮಾತು. ಜಗತ್ತು ಅಷ್ಟು ಹೊಸದಾಗಿದ್ದ ಕಾಲ ಅದು.

ನೆಲದ ನಟ್ಟನಡುವೆ ಒಂದು ನೀಲಿ ಸಮುದ್ರ. ಅದರ ದಂಡೆಯ ನಾಡಿನಲ್ಲಿ ಮಳೆಯ ರೀತಿಯೇ ಬೇರೆ. ನಮ್ಮಲ್ಲಿ ಬೇಸಿಗೆ ಮುಗಿದ ಕೂಡಲೇ ಮಳೆ ಹಿಡಿಯುತ್ತದಲ್ಲ, ಅಲ್ಲಿ ಹಾಗಲ್ಲ. ಬೇಸಿಗೆಯಿಡೀ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಚಳಿ ಕಾಲಿಡುವಾಗ ಮಳೆಯೂ ಅದರ ಕೈಹಿಡಿದು ಬರುತ್ತದೆ.

ಆ ನಾಡಿನ ಒಂದು ಗುಡ್ಡದ ಇಳಿಜಾರಿನಲ್ಲಿ ಥೆಕ್ಲಾ ಎಂಬ ಹೆಂಗಸು ಇದ್ದಳು. ಹೊಲದಲ್ಲಿ ಭಂಗಿ ಗಿಡ ಬೆಳೆದು, ಕಾಂಡವನ್ನು ನೀರಿನಲ್ಲಿ ನೆನೆಹಾಕಿ, ನಾರು ಸುಲಿದು, ಹಗ್ಗ ಹೊಸೆಯುವುದು ಅವಳ ಕೆಲಸ. ಕೆಳಗಿನ ದಂಡೆಯ ದೋಣಿಗಳೆಲ್ಲ ಅವಳ ಹಗ್ಗವನ್ನೇ ನಂಬಿದ್ದವು. ಅವಳ ತಮ್ಮ ಯಾನಿಯದೂ ಅಲ್ಲೊಂದು ದೋಣಿ ಇತ್ತು.

ಆಗಿನ ಭಂಗಿ ಗಿಡಕ್ಕೆ ಹೂ ಬಿಡಲು ಹೊತ್ತುಗೊತ್ತು ಇರಲಿಲ್ಲ. ಬಿಸಿಲಿದೆ, ಬೆಳೆಯೋಣ. ಇನ್ನೂ ಬಿಸಿಲಿದೆ, ಇನ್ನೂ ಬೆಳೆಯೋಣ. ಹೀಗೆ ಬೆಳೆದೂ ಬೆಳೆದೂ ಕೊನೆಗೆ ಹೂ ಬಿಡುವ ಹೊತ್ತಿಗೆ ಮಳೆ ಬಂದೇ ಬಿಡುತ್ತಿತ್ತು. ಒತ್ತೊತ್ತಾದ ಹೂಗೊಂಚಲಿಗೆ ನೀರಿಳಿದು, ಬೂದುಬಣ್ಣದ ಬೂಷ್ಟು ಹಿಡಿದು, ಬೀಜ ಬಲಿಯುವ ಮೊದಲೇ ಕೊಳೆತುಹೋಗುತ್ತಿತ್ತು. ವರ್ಷದಿಂದ ವರ್ಷಕ್ಕೆ ಬಿತ್ತನೆ ಬೀಜ ಕಡಿಮೆಯಾಯಿತು. ಬೀಜ ಕಡಿಮೆಯಾದಂತೆ ನಾರೂ ಕಡಿಮೆಯಾಯಿತು.

ಒಂದು ಚಳಿಗಾಲದಲ್ಲಿ ಹೊಸ ನಾರು ಸಾಲದೆ ಥೆಕ್ಲಾ ಹಳೆಯ ಹಗ್ಗಕ್ಕೇ ಗಂಟು ಹಾಕಿ ತಮ್ಮನಿಗೆ ಕೊಟ್ಟಳು. ಬಿರುಗಾಳಿಯಲ್ಲಿ ಹಗ್ಗ ಆ ಗಂಟಿನ ಪಕ್ಕದಲ್ಲೇ ತುಂಡಾಯಿತು. ದೋಣಿ ಮೂರು ದಿನ ದಿಕ್ಕಿಲ್ಲದೆ ತೇಲಿತು. ನಾಲ್ಕನೆಯ ದಿನ ಅಲೆಗಳು ಯಾನಿಯನ್ನು ದಂಡೆಗೆ ತಂದುಬಿಟ್ಟವು. ದೋಣಿ ಒಡೆದಿತ್ತು, ಅವನ ತೋಳು ಮುರಿದಿತ್ತು. ಅವನು ಅಕ್ಕನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಥೆಕ್ಲಾ ಗುಡ್ಡದ ನೆತ್ತಿಗೆ ಹೋಗಿ ಮಳೆಯನ್ನು ಕಂಡಳು. ಒಂದು ತಿಂಗಳು ತಡವಾಗಿ ಬಾರಮ್ಮ ಎಂದು ಬೇಡಿಕೊಂಡಳು. ಮಳೆ ಕೆಟ್ಟವಳಲ್ಲ. ಆದರೆ ಬೇಸಿಗೆಯಿಡೀ ಬಾಯಾರಿದ ಆಲಿವ್ ಮರಗಳು ನನ್ನ ದಾರಿ ಕಾಯುತ್ತವೆ, ಅವಕ್ಕೆ ಏನು ಹೇಳಲಿ ಎಂದಳು. ಅದೂ ಸರಿಯೇ ಎನಿಸಿತು ಥೆಕ್ಲಾಗೆ.

ಅಲ್ಲಿಂದ ಗಾಳಿಯ ಹತ್ತಿರ ಹೋದಳು. ಗಿಡಗಳನ್ನು ದೂರ ದೂರ ನೆಟ್ಟರೆ ನಡುವೆ ಸುಳಿದು ಹೂವನ್ನು ಒಣಗಿಸಿಕೊಡುತ್ತೇನೆ ಎಂದ ಗಾಳಿರಾಯ. ಹಾಗೆಯೇ ನೆಟ್ಟಳು. ಬೂಷ್ಟು ಕಡಿಮೆಯಾಯಿತು, ಪೂರಾ ಹೋಗಲಿಲ್ಲ.

ಕೊನೆಗೆ ಅವಳು ಭಂಗಿ ಗಿಡದ ಬುಡದಲ್ಲೇ ಕೂತು, ಸ್ವಲ್ಪ ಬೇಗ ಹೂ ಬಿಡಬಾರದೇನೇ ಎಂದು ಕೇಳಿದಳು.

"ಯಾವುದು ಬೇಗ, ಯಾವುದು ತಡ, ನನಗೆ ಹೇಗೆ ತಿಳಿಯಬೇಕು?" ಎಂದಿತು ಗಿಡ. "ದಿನವೂ ಅದೇ ಆಕಾಶ, ಅದೇ ಬಿಸಿಲು. ಮಳೆ ಬರುತ್ತದೆಂದು ನನಗೆ ಗೊತ್ತಾಗುವುದು ಮೈ ನೆಂದ ಮೇಲೆಯೇ."

"ಹಾಗಾದರೆ ಮೊದಲೇ ತಿಳಿಯುವವಳೊಬ್ಬಳು ನಿನ್ನ ಕುಲದಲ್ಲಿ ಹುಟ್ಟುವವರೆಗೂ ಬಿತ್ತುತ್ತೇನೆ" ಎಂದಳು ಥೆಕ್ಲಾ.

ಅವಳು ಹಿಮದ ಬೆಟ್ಟದ ಕುರುಬರಿಂದ ಒಂದು ತಳಿಯ ಬೀಜ ತರಿಸಿದಳು. ಅದು ಎರಡೇ ತಿಂಗಳಿಗೆ ಹೂ ಬಿಟ್ಟಿತು, ಆದರೆ ಮೊಣಕಾಲೆತ್ತರ ದಾಟಲಿಲ್ಲ. ಅದರ ನಾರು ಕುರಿಮರಿ ಕಟ್ಟುವುದಕ್ಕೂ ಸಾಲದು. ತೆಂಕಣದ ಸುಡುನಾಡಿನಿಂದ ಇನ್ನೊಂದು ತಳಿ ಬಂತು. ಅದು ಮನೆಯ ಮಾಡಿನೆತ್ತರ ಬೆಳೆದು, ಆರಾಮವಾಗಿ ತೂಗಾಡುತ್ತ, ಮಳೆಗೆ ಸಿಕ್ಕಿ ಕೊಳೆಯಿತು. ಎರಡರಲ್ಲಿ ಒಂದನ್ನು ಆರಿಸಿಕೋ ಎಂದರು ಊರವರು. ಥೆಕ್ಲಾ ಆರಿಸಿಕೊಳ್ಳಲಿಲ್ಲ. ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಅವಳು ಕುಳ್ಳಿಯನ್ನೂ ಎತ್ತರದವನನ್ನೂ ಒಟ್ಟಿಗೆ ಹೂ ಬಿಡುವಂತೆ ಹೊತ್ತು ನೋಡಿ ಅಕ್ಕಪಕ್ಕ ನೆಟ್ಟು, ಇವನ ಪರಾಗ ಅವಳಿಗೆ ಮುಟ್ಟಿಸು ಎಂದು ಗಾಳಿಗೆ ಹೇಳಿದಳು.

ಆಮೇಲೆ ಪ್ರತಿ ವರ್ಷವೂ ಅದೇ ಕೆಲಸ. ಬಿತ್ತುವಳು, ಕಾಯುವಳು. ಎತ್ತರವಾಗಿಯೂ ಬೆಳೆದು ಮಳೆಗೆ ಮೊದಲು ಬೀಜವನ್ನೂ ಬಲಿಸಿದ ಗಿಡಕ್ಕೆ ಕೆಂಪು ದಾರ ಕಟ್ಟುವಳು. ಆ ದಾರದ ಗಿಡಗಳ ಬೀಜವನ್ನೇ ಮುಂದಿನ ವರ್ಷ ಮತ್ತೆ ಬಿತ್ತುವಳು. ಮೊದಲ ವರ್ಷ ಹೊಲದಲ್ಲೆಲ್ಲ ಹುಡುಕಿ ಮೂರೇ ಮೂರು ದಾರ ಕಟ್ಟಿದಳು. ಐದನೆಯ ವರ್ಷ ಮಳೆ ಇಪ್ಪತ್ತು ದಿನ ಮೊದಲೇ ಬಂದುಬಿಟ್ಟಿತು. ಉಳಿದದ್ದು ಒಂದು ಹಿಡಿ ಬೀಜ.

ಆ ದಿನ ಯಾನಿ ಹೊಲಕ್ಕೆ ಬಂದ. "ಸಾಕು ಬಿಡಕ್ಕ. ನಾನು ಆಡು ಮೇಯಿಸಿಕೊಂಡು ಇರ್ತೀನಿ."

"ನೀನು ಆಡು ಮೇಯಿಸುವಾಗ ಸಮುದ್ರವನ್ನೇ ನೋಡ್ತಾ ಕೂತಿರ್ತೀಯ. ಅದನ್ನ ನನ್ನ ಕೈಲಿ ನೋಡೋಕಾಗಲ್ಲ" ಎಂದು ಥೆಕ್ಲಾ ಆ ಹಿಡಿ ಬೀಜವನ್ನು ಒಣಗಿಸಲು ಬೂದಿಯ ಮೇಲೆ ಹರಡಿದಳು.

ಒಂಬತ್ತನೆಯ ವರ್ಷದ ನಡುಬೇಸಿಗೆ ಕಳೆದು ಕೆಲವು ವಾರಗಳಾಗಿದ್ದವು. ಉರಿಬಿಸಿಲು. ಮೋಡದ ಸುಳಿವೂ ಇಲ್ಲ. ಹೊಲದ ಅಂಚಿನಲ್ಲಿ ಥೆಕ್ಲಾಳ ತಲೆಗಿಂತ ಎತ್ತರದ ಒಂದು ಗಿಡ ಬೆಳೆಯುವುದನ್ನು ನಿಲ್ಲಿಸಿ ಮೊಗ್ಗು ಹಿಡಿದಿತ್ತು. ಅವಳು ಹತ್ತಿರ ಹೋದಳು. ನಿನಗೆ ಯಾರು ಹೇಳಿದರು ಎಂದು ಕೇಳಿದಳು.

"ಯಾರೂ ಹೇಳಲಿಲ್ಲ" ಎಂದಿತು ಗಿಡ. "ನಾನು ಇರುಳನ್ನು ಅಳೆದೆ. ಮೊನ್ನೆಗಿಂತ ನಿನ್ನೆಯದು ಉದ್ದ, ನಿನ್ನೆಗಿಂತ ಇಂದಿನದು ಉದ್ದ. ಮಳೆ ಎಲ್ಲೋ ದೂರದಲ್ಲಿ ಹೊರಡುವುದಕ್ಕೆ ಅಣಿಯಾಗುತ್ತಿರಬೇಕು ಅಕ್ಕ."

ಥೆಕ್ಲಾಗೆ ಆದರೂ ಅಳುಕು. ಇದನ್ನು ನಂಬಬಹುದೇ ಎಂದು ಮುಳುಗುವ ಸೂರ್ಯನನ್ನು ಕೇಳಿದಳು. ಸೂರ್ಯ ಹೇಳಿದ: "ಮಳೆ ಬೇಗ ಬರಬಹುದು, ತಡ ಮಾಡಬಹುದು. ಗಾಳಿ ದಾರಿ ಬದಲಿಸಬಹುದು. ನಾನು ಮಾತ್ರ ಬೇಸಿಗೆಯ ಅತಿ ಉದ್ದದ ಹಗಲು ಕಳೆದ ಮೇಲೆ ದಿನಾ ಒಂದಿಷ್ಟು ಮೊದಲೇ ಮನೆಗೆ ಹೋಗುತ್ತೇನೆ. ಇದರಲ್ಲಿ ನಾನು ಎಂದೂ ತಪ್ಪಿದವನಲ್ಲ."

ಥೆಕ್ಲಾ ಕೆಂಪು ದಾರ ಕಟ್ಟಿದಳು. ಬೀಜ ಬಲಿತು ಬೂದುಬಣ್ಣಕ್ಕೆ ತಿರುಗಿದಾಗ ಒಂದೂ ಚೆಲ್ಲದಂತೆ ಮಡಕೆಗೆ ಉದುರಿಸಿಕೊಂಡಳು. ಹತ್ತು ದಿನ ಕಳೆದು ಮಳೆ ಬಂದಿತು. ಅವಳು ಅಂಗಳದಲ್ಲಿ ನಿಂತು ತೊಪ್ಪೆಯಾಗುವಂತೆ ನೆಂದಳು, ಬೀಜದ ಮಡಕೆ ಒಳಗೆ ಬೆಚ್ಚಗಿತ್ತು.

ಆ ಒಂದು ಗಿಡದ ಮಕ್ಕಳು ಎರಡೇ ವರ್ಷದಲ್ಲಿ ಹೊಲ ತುಂಬಿದವು. ಎತ್ತರದ ಕಾಂಡ, ಉದ್ದನೆಯ ನಾರು, ತೋಳುಗಾತ್ರದ ಹಗ್ಗ. ಅದನ್ನು ಸುತ್ತಿಕೊಂಡು ಯಾನಿ ಹೊಸ ದೋಣಿ ಇಳಿಸಿದ. ಹೊರಡುವ ಮೊದಲು ಹಗ್ಗವನ್ನು ಒಮ್ಮೆ ಹಣೆಗೆ ಒತ್ತಿಕೊಂಡ. ದೋಣಿ ಚುಕ್ಕೆಯಾಗುವವರೆಗೂ ಥೆಕ್ಲಾ ದಂಡೆಯಲ್ಲೇ ನಿಂತಿದ್ದಳು.

ಅಂದಿನಿಂದ ಭಂಗಿ ಗಿಡ ಎಷ್ಟೇ ಬಿಸಿಲಿರಲಿ, ಇರುಳು ಉದ್ದವಾಗುವುದನ್ನು ಕಾದು ಹೂ ಬಿಡುತ್ತದೆ. ಗಾಳಿಯ ಬಾಯಲ್ಲಿ ಗುಟ್ಟು ನಿಲ್ಲುವುದುಂಟೇ? ಅವನು ಇದನ್ನು ಊರೂರಿಗೆ ಹೊತ್ತು ಎಷ್ಟೋ ಗಿಡಗಳ ಕಿವಿಯಲ್ಲಿ ಉಸುರಿದ. ಅದಕ್ಕೇ ನೋಡು ಮಗು, ದೀಪಾವಳಿ ಹತ್ತಿರವಾಗಿ ನೀನು ಆಡುತ್ತಿರುವಾಗಲೇ ಸಂಜೆ ಕಪ್ಪಾಗತೊಡಗಿತೆಂದರೆ, ನಮ್ಮ ಹಿತ್ತಿಲಿನ ಸೇವಂತಿಗೆಯೂ ಇರುಳನ್ನು ಅಳೆದು ಮೊಗ್ಗು ಬಿಚ್ಚುತ್ತದೆ.