ದೊರೆ ಬಚ್ಚಿಟ್ಟ ಕೆಮ್ಮು

ಬಾಗಿಲು ಹಾಕಿಕೊಂಡು ಹತ್ತಿರ ಬಾರೇ. ಇನ್ನೂ ಹತ್ತಿರ. ನಾನು ಹೇಳಿದೆ ಅಂತ ಎಲ್ಲಾದರೂ ಬಾಯಿ ಬಿಟ್ಟೆಯೋ, ನಿನ್ನ ನಾಲಿಗೆ ಸೇದಿಹೋಗಲಿ!

ಹೋದ ಮಾಘದಲ್ಲಿ ನಮ್ಮ ದೊರೆ ಬೊಮ್ಮರಸ ಡಂಗುರ ಹೊಡೆಸಿದನಲ್ಲ, "ಮೂರು ಒಗಟು ಬಿಡಿಸಿದವನಿಗೆ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಡುವೆವು, ತಪ್ಪಿದವನ ತಲೆ ಕೋಟೆಬಾಗಿಲಿಗೆ" ಅಂತ? ಊರೆಲ್ಲ ಮದುವೆಯ ಮಾತಾಡಿತು. ಮದುವೆಯೂ ಇಲ್ಲ, ಮಣ್ಣೂ ಇಲ್ಲ. ದೊರೆಯ ಎದೆಗೂಡಿನಲ್ಲಿ, ಉಸಿರಾಡುವ ಶ್ವಾಸಕೋಶದಲ್ಲೇ, ಏಡಿಗಂತಿ, ಏಡಿಯ ಹಾಗೆ ಕಾಲು ಚಾಚಿ ಬೆಳೆಯುವ ಗಡ್ಡೆ, ಎದ್ದಿತ್ತು. ಬೆಟ್ಟದಾಚೆಯ ವೈದ್ಯೆ ಹೊನ್ನಾಜಮ್ಮ ಮದ್ದು ಕೊಟ್ಟು, "ಇದು ಗಂತಿಯನ್ನು ತಾನೇ ಕೊಲ್ಲುವುದಿಲ್ಲ. ಮೈಯೊಳಗಿನ ಕಾವಲನ್ನು ಎಬ್ಬಿಸುತ್ತದೆ. ಏನೇ ಹೊಸ ತೊಂದರೆ ಕಂಡರೂ ಆವತ್ತೇ ಹೇಳಿಕಳಿಸಿ" ಅಂದಿದ್ದಳು.

ಗಂತಿ ಕರಗತೊಡಗಿತು. ಹೊಸ ತೊಂದರೆಗಳೂ ಕಂಡವು. ಹೇಳಿದರೆ ಮದ್ದು ನಿಲ್ಲಿಸಿಬಿಟ್ಟಾಳು ಅಂತ ದೊರೆ ಬಾಯಿ ಹೊಲಿದುಕೊಂಡ. ತನ್ನ ರೋಗವನ್ನೇ ಒಗಟು ಕಟ್ಟಿ, ಊರವರ ಬಾಯಿಂದ ಉಪಾಯ ಕೀಳಲು ಕೂತ! ನನಗೆ ಹೇಗೆ ಗೊತ್ತು ಅಂತೀಯ? ಅರಮನೆಯ ಬಟ್ಟೆ ಒಗೆಯುವವಳು ನನಗೆ ತಂಗಿ ವರಸೆ. ದಿನಾ ಎಷ್ಟು ಪಂಚೆ ಬರುತ್ತಿದ್ದವೋ ಆ ಶಿವನೇ ಬಲ್ಲ.

"ಬೆಂಕಿ ಸೋಕದೆ ಉರಿಯುವ, ಮುಳ್ಳು ತಾಗದೆ ಕೆಂಪೇಳುವ ಗೋಡೆ ಯಾವುದು?" ಅಂತ ದೊರೆ ಸಭೆಯಲ್ಲಿ ಕೇಳಿದ. ಪಾಳೆಯಗಾರನ ಮಗ ಮೀಸೆ ತಿರುವಿ, "ಕುಂಬಾರ ಮಡಕೆ ಸುಡುವ ಆವಿಗೆ" ಅಂದ. ಮೀಸೆ ಸಮೇತ ತಲೆ ಹೋಯಿತು.

ಆಸ್ಥಾನದ ಕವಿ, "ಅದು ಮನುಷ್ಯನ ಚರ್ಮ" ಅಂದು ಗೆದ್ದ. "ತುಂಬಿದಷ್ಟೂ ಸೋರುವ, ಬಾಗಿಲು ಹಾಕಲಾಗದ ಕಣಜ ಯಾವುದು?" ಅಂದಾಗ, "ಉಡಾಳನ ಖಜಾನೆ" ಅಂದುಬಿಟ್ಟ. ಅವನ ತಲೆಯೂ ಹೋಯಿತು. ಮೈ ತುರಿಸುತ್ತಿದೆ, ಭೇದಿಯಾಗುತ್ತಿದೆ ಅನ್ನಲು ಒಬ್ಬನಿಗೆ ನಾಚಿಕೆ, ಅದಕ್ಕೆ ಎರಡು ತಲೆ ಬಲಿ! ಥೂ.

ಅರಮನೆ ಪಂಡಿತ, "ಅದು ಹೊಟ್ಟೆ, ಪ್ರಭು" ಅಂತ ಎರಡನೆಯದನ್ನೂ ದಾಟಿದ. ಆಗ ದೊರೆ ಏದುಸಿರು ಬಿಡುತ್ತ ಕೇಳಿದ: "ಕಳ್ಳ ಓಡಿಹೋದ ಮೇಲೂ ಮನೆಗೆ ಗಾಳಿ ಬಾರದು. ಗಾಳಿ ಕದ್ದವರು ಯಾರು?"

"ಕಳ್ಳನೇ ಮರಳಿ ಬಂದಿದ್ದಾನೆ ಪ್ರಭು."

ಉತ್ತರ ದೊರೆಗೂ ಗೊತ್ತಿರಲಿಲ್ಲ ಕಣೇ, ಅದಕ್ಕೇ ತಲೆ ತೆಗೆಸಲಿಲ್ಲ. ಆದರೆ ಗಂತಿ ಮರಳಿದೆ ಅನ್ನುವ ಆ ಮಾತು ಕೇಳಲಾಗದೆ ಪಂಡಿತನನ್ನು ಸೆರೆಗೆ ತಳ್ಳಿಸಿದ.

ಆಮೇಲೆ ಹೋದವನೇ ನಮ್ಮ ಪಕ್ಕದ ಮನೆ ಸಣ್ಣೀರಮ್ಮನ ಮಗ ಚೌಡ. ಕೋಟೆಯ ನಾಯಿ ಸಾಕುವವನು. ಅವರವ್ವ ಕಾಲು ಹಿಡಿದರೂ ಕೇಳಲಿಲ್ಲ. ಚರ್ಮ, ಹೊಟ್ಟೆ ಅಂದು ಮೂರನೆಯದಕ್ಕೆ ಬಂದ.

"ಒಡೆಯಾ, ಒಮ್ಮೆ ಕಳ್ಳ ಬಂದಾಗ ನಾಯಿ ಬಿಟ್ಟೆ. ಕಳ್ಳ ಓಡಿದ. ನಾಯಿಗಳ ರೋಷ ಇಳಿಯಲಿಲ್ಲ, ಕೊಟ್ಟಿಗೆಯ ಕರುವನ್ನೇ ಹಿಡಿದವು. ಗಾಳಿ ಕದ್ದದ್ದು ಕಳ್ಳನಲ್ಲ, ಕಾವಲು. ಗೋಡೆ ಗೀರಿದ್ದೂ ಅದೇ, ಕಣಜ ಒಡೆದದ್ದೂ ಅದೇ." ಕೈಮುಗಿದು ಕೇಳಿದ, "ಬೈಯಬೇಡಿ ಒಡೆಯಾ, ಈ ಮನೆ ನಿಮ್ಮ ಮೈಯೇ ಅಲ್ಲವಾ?"

ದೊರೆ ಕೆಮ್ಮಿದ, ಕೆಮ್ಮುತ್ತಲೇ ಅತ್ತ. "ಹೌದಪ್ಪಾ. ನಾಲ್ಕು ಮೆಟ್ಟಿಲು ಹತ್ತಲಾರೆ."

ಹೇಳಿಕಳಿಸಿದ್ದೇ ತಡ, ಹೊನ್ನಾಜಮ್ಮ ಕುದುರೆ ಮೇಲೆ ಬಂದಳು. ಬಂದವಳೇ ಬೈದಳು: "ತುರಿಕೆ ಎದ್ದಾಗಲೇ ಹೇಳಿದ್ದರೆ ಇಷ್ಟಾಗುತ್ತಿತ್ತೇ?" ಎಬ್ಬಿಸುವ ಮದ್ದು ನಿಲ್ಲಿಸಿ, ಕಾವಲನ್ನು ಅಡಗಿಸುವ ಮದ್ದು ಕೊಟ್ಟಳು. "ಇದನ್ನು ಮೆಲ್ಲಮೆಲ್ಲಗೆ ಇಳಿಸಬೇಕು. ಹುಷಾರಾದೆ ಅಂತ ಒಮ್ಮೆಗೇ ಬಿಟ್ಟರೆ ಕಾವಲು ಮತ್ತೆ ಮೇಲೆ ಬಿದ್ದೀತು" ಅಂದಳು. ದೊರೆಗೆ ಉಸಿರು ಬಂತು. ಪಂಡಿತ ಸೆರೆಯಿಂದ ಬಂದ. ಹೋದ ತಲೆಗಳು ಬರಲಿಲ್ಲ.

ಚೌಡನಿಗೆ ರಾಜಕುಮಾರಿ, ಅರ್ಧ ರಾಜ್ಯ, ದೊರೆಯ ಮಗ್ಗುಲಲ್ಲೇ ಪೀಠ! ನಾನು ಸಕ್ಕರೆ ಹಿಡಿದುಕೊಂಡು ಸಣ್ಣೀರಮ್ಮನ ಮನೆಗೆ ಓಡಿದೆ. "ಪುಣ್ಯವಂತೆ ಕಣೇ ನೀನು" ಅಂದೆ. ಅವಳು ಸಕ್ಕರೆ ಮುಟ್ಟಲಿಲ್ಲ. ನನ್ನ ಮುಖಕ್ಕೇ ಅಂದಳು:

"ಅಕ್ಕಯ್ಯಾ, ಆ ಕಾವಲು ಇನ್ನೂ ದೊರೆಯ ಮೈಯೊಳಗೇ ಇದೆ. ಅದು ಇನ್ನೊಂದು ಸಲ ಕಚ್ಚಿದ ದಿನ, ಮಗ್ಗುಲಲ್ಲಿ ಕೂತವನ ತಲೆ ಬಿಟ್ಟು ಬೇರೆ ಯಾರ ತಲೆ ಕೇಳುತ್ತಾನೆ ಹೇಳು?"