ಮಾವನಿಗೊಂದು ಬೊಗಸೆ ನೀರು

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇತ್ತು. ಬೆಟ್ಟಗಳು ಸರಿಯಾಗಿ ಕೂರುವುದನ್ನು ಕಲಿಯುತ್ತಿದ್ದವು. ಯಾವ ಕಡೆಗೆ ಬೀಸಬೇಕೆಂದು ಗಾಳಿಗೇ ಗೊತ್ತಿರಲಿಲ್ಲ. ಆ ಕಾಲದ ಮಾತು ಇದು.

ಆಗ ಕಡಲು ಇನ್ನೂ ಚಿಕ್ಕ ಹುಡುಗಿ. ಅವಳ ತಾಯಿ ಭೂಮಿ, ಅಪ್ಪ ಸೂರ್ಯ. ಭೂಮಿ ಸೂರ್ಯನ ಸುತ್ತ ನೆಟ್ಟಗೆ ನಡೆಯುತ್ತಿದ್ದಳು. ಹಾಗಾಗಿ ವರ್ಷವಿಡೀ ಒಂದೇ ಹವೆ. ಬೇಸಿಗೆಯೂ ಇಲ್ಲ, ಮಳೆಗಾಲವೂ ಇಲ್ಲ, ಚಳಿಯೂ ಇಲ್ಲ. ಕಡಲೂ ಅಷ್ಟೇ, ಬಟ್ಟಲಿನ ಹಾಲಿನ ಹಾಗೆ ಇದ್ದಲ್ಲೇ ಇರುತ್ತಿದ್ದಳು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಯಾರನ್ನಾದರೂ ಕಾಯುವವರು ತಾನೇ ಎದ್ದು ಎದ್ದು ನೋಡುವುದು? ಅವಳಿಗೆ ಕಾಯುವುದಕ್ಕೆ ಯಾರೂ ಇರಲಿಲ್ಲ.

ಹೀಗಿರುವಾಗ ಮಗಳ ಕಿವಿ ಚುಚ್ಚುವ ದಿನ ಬಂತು. ಕಿವಿ ಚುಚ್ಚಬೇಕಾದರೆ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಭೂಮಿ ತನ್ನ ತಮ್ಮನಿಗೆ ಹೇಳಿಕಳಿಸಿದಳು. ನಕ್ಷತ್ರಗಳ ಆಚೆಯಿಂದ ತಮ್ಮ ಚಂದ್ರ ಬಂದ, ಪಂಚೆಯ ತುದಿಗೆ ಎರಡು ಮುತ್ತು ಕಟ್ಟಿಕೊಂಡು. ಕಿವಿ ಚುಚ್ಚುವಾಗ ಕಡಲು ಊರು ಒಂದಾಗುವಂತೆ ಅತ್ತಳು. ಆ ಕಣ್ಣೀರಿಗೇ ಅವಳ ನೀರು ಉಪ್ಪಾಯಿತು ಎನ್ನುವವರಿದ್ದಾರೆ. ನಾನು ನಂಬುವುದಿಲ್ಲ. ಅಷ್ಟು ಉಪ್ಪಿಗೆ ಎಷ್ಟು ಕಿವಿ ಚುಚ್ಚಬೇಕು!

ಶಾಸ್ತ್ರ ಮುಗಿದ ಮೇಲೂ ಚಂದ್ರ ಹದಿನೈದು ದಿನ ಉಳಿದ. ಕಡಲು ಅವನ ತೊಡೆ ಬಿಟ್ಟು ಇಳಿಯಲಿಲ್ಲ. ಉಂಡರೂ ಮಾವ, ಮಲಗಿದರೂ ಮಾವ. ಹದಿನಾರನೆಯ ದಿನ ಚಂದ್ರ ಮೆಲ್ಲಗೆ ಹೇಳಿದ:

"ಅಕ್ಕಾ, ನಾಳೆ ಸಂಜೆ ಹೊರಡ್ತೇನೆ. ಆಚೆ ಬೆಳಕೇ ಕಾಣದ ಊರುಗಳಿದಾವೆ. ಬರ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ."

"ಮತ್ತೆ ಇತ್ತ ಯಾವಾಗ ಬರೋದು?"

"ಆ ದಾರಿ ಬಹಳ ದೂರ ಅಕ್ಕಾ. ಹೋದವರು ತಿರುಗಿ ಬಂದದ್ದಿಲ್ಲ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಕಡಲು ಇದನ್ನು ಕೇಳಿಸಿಕೊಂಡಳು.

ದಂಡೆಯಲ್ಲಿ ಬೊಮ್ಮಜ್ಜಿ ಎಂಬ ಮುದುಕಿ ಇದ್ದಳು. ಕುತ್ತಿಗೆ ಮಟ್ಟ ನೀರಿಗಿಳಿದು, ಕಾಲಿನಲ್ಲೇ ಮರಳು ಕೆದಕಿ, ಬಳಚು ಎಂಬ ಕಪ್ಪೆಚಿಪ್ಪು ಹೆಕ್ಕಿ ಬುಟ್ಟಿಗೆ ಹಾಕುವುದು ಅವಳ ಕೆಲಸ. ಕಡಲು ಅವಳ ಬಳಿ ಹೋದಳು.

"ಅಜ್ಜೀ, ಹೊರಟವರನ್ನ ನಿಲ್ಲಿಸೋದು ಹೇಗೆ?"

"ನಿಲ್ಲಿಸ್ಲೇಬಾರ್ದು ಮಗಾ. ಎಲ್ಲಿಗೆ ಅಂತ ಕೇಳ್ಬಾರ್ದು. ಹಿಂದಿಂದ ಕರೀಲೂಬಾರ್ದು. ಕರೆದ್ರೆ ಪಾಪ, ಅವ್ರು ತಿರುಗಿ ಬಂದು ಕೂತು, ನೀರು ಕುಡ್ದೇ ಹೋಗ್ಬೇಕಾಗ್ತದೆ. ಹೊರಟ ಗಳಿಗೆಯೇ ಹಾಳು."

ಮಕ್ಕಳಿಗೆ ಬೇಡ ಎಂದು ಹೇಳುವಾಗ ಹೇಗೆ ಮಾಡುವುದು ಎಂದೂ ಹೇಳಿಬಿಡುವುದು ಹಿರಿಯರ ಹಳೆಯ ತಪ್ಪು. ಕಡಲು ಕುಣಿಯುತ್ತಾ ಮನೆಗೆ ಹೋದಳು.

ಮರುದಿನ ಸಂಜೆ ಚಂದ್ರ ಅಕ್ಕನ ಕಾಲು ಮುಟ್ಟಿ, ಭಾವನಿಗೆ ಕೈ ಮುಗಿದು, ಹೊಸ್ತಿಲು ದಾಟಿದ. ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಹಿಂದಿನಿಂದ ಕೂಗು ಬಂತು.

"ಮಾವಾ!"

ಚಂದ್ರ ನಿಂತ. ತಿರುಗಿ ಬಂದು ಕೂತ. ಕಡಲು ತನ್ನ ನೀರನ್ನೇ ಬೊಗಸೆಯಲ್ಲಿ ತುಂಬಿ, ತುದಿಗಾಲಲ್ಲಿ ನಿಂತು, ಎತ್ತಿ ಎತ್ತಿ ಹಿಡಿದಳು. ಅವಳು ಎದ್ದ ರಭಸಕ್ಕೆ ದಂಡೆಯೆಲ್ಲ ಮುಳುಗಿ ಬೊಮ್ಮಜ್ಜಿಯ ಬುಟ್ಟಿ ತೇಲಿಹೋಯಿತು. ಮಾವ ನೀರು ಕುಡಿದು ಎದ್ದಾಗ ಎರಡು ಗಳಿಗೆ ಕಳೆದಿತ್ತು. ಕತ್ತಲೆಯ ಊರುಗಳ ದಾರಿ ತೆರೆಯುವ ಹೊತ್ತು ಮೀರಿತ್ತು. ಆ ದಿನ ಅವನು ಭೂಮಿಯ ಸುತ್ತ ಒಂದು ಸುತ್ತು ಹಾಕಿ ಸುಮ್ಮನಾದ.

ಮರುದಿನ ಎರಡು ಗಳಿಗೆ ತಡವಾಗಿ ಹೊರಟ. ಮತ್ತೆ "ಮಾವಾ!" ಮತ್ತೆ ಬೊಗಸೆ ನೀರು. ಮತ್ತೆ ಎರಡು ಗಳಿಗೆ. ದಿನಾ ಇದೇ ಆಯಿತು. ಮಾವ ಅಮ್ಮನ ಬೆನ್ನ ಹಿಂದೆ ಮರೆಯಾದಾಗ ಕಡಲಿಗೆ ಜೀವ ತಡೆಯುತ್ತಿರಲಿಲ್ಲ, ಹೋಗಿಯೇಬಿಟ್ಟನೇನೋ ಎಂದು ಎದ್ದು ಹುಡುಕುತ್ತಿದ್ದಳು. ಹೀಗೆ ದಿನಕ್ಕೆ ಎರಡು ಸಲ ಏಳುವುದು, ಒಮ್ಮೆ ನೀರು ಕೊಡಲು, ಒಮ್ಮೆ ಹುಡುಕಲು. ಎದ್ದಾದ ಮೇಲೆ ಸುಸ್ತಾಗಿ ಮೋರೆ ಸಣ್ಣ ಮಾಡಿಕೊಂಡು ಹಿಂದೆ ಸರಿಯುವುದು. ಹುಣ್ಣಿಮೆಗೂ ಅಮಾವಾಸ್ಯೆಗೂ ಅಪ್ಪ ಸೂರ್ಯನೂ ಸಾಲಿಗೆ ನಿಂತು ಅವಳನ್ನು ಎತ್ತುತ್ತಿದ್ದ, ಆಗ ಇನ್ನೂ ಎತ್ತರ.

ಹೀಗೆ ಹಾರಿ ಹಾರಿ ಮಗು ಬಿದ್ದೀತೆಂದು ಭೂಮಿ ಅವಳನ್ನು ಸೊಂಟದ ಮೇಲೆ ಎತ್ತಿಕೊಂಡಳು. ಸೊಂಟದಲ್ಲಿ ಮಗುವಿರುವವಳು ನೆಟ್ಟಗೆ ನಡೆಯುವುದುಂಟೇ? ಒಂದು ಪಕ್ಕಕ್ಕೆ ವಾಲಿದಳು. ಅಂದು ವಾಲಿದವಳು ಇನ್ನೂ ನೆಟ್ಟಗಾಗಿಲ್ಲ. ನಾವಿರುವ ಭುಜ ಸೂರ್ಯನ ಕಡೆ ವಾಲಿರುವ ತಿಂಗಳುಗಳಲ್ಲಿ ನಮಗೆ ಸೆಕೆ. ಅವಳು ಸುತ್ತಿ ಆಚೆ ಬದಿಗೆ ಹೋದಾಗ ಅದೇ ಭುಜ ಸೂರ್ಯನಿಂದ ದೂರ, ಆಗ ಚಳಿ. ಸೆಕೆಗೆ ಬೆವರಿದ ಮಗುವಿನ ಆವಿ ಮೇಲೇರಿ ಸುರಿದರೆ ಮಳೆಗಾಲ.

ಚಂದ್ರನಿಗೆ ಮಾತ್ರ ಕತ್ತಲೆಯ ಊರುಗಳ ನೆನಪು ಚುಚ್ಚುತ್ತಿತ್ತು. ಅಲ್ಲೂ ಮಕ್ಕಳಿದ್ದವು. ಅವೂ ಬಾಗಿಲಲ್ಲಿ ನಿಂತು ಕಾಯುತ್ತಿದ್ದವು. ಕೊನೆಗೆ ಅವನೊಂದು ಉಪಾಯ ಹೂಡಿದ.

"ಇನ್ನು ಬೆನ್ನು ಹಾಕೋದೇ ಇಲ್ಲ ಪುಟ್ಟೀ. ನಿನ್ನ ಮುಖ ನೋಡ್ತಾನೇ ಹಿಂದೆ ಹಿಂದೆ ಹೋಗ್ತೇನೆ. ಹಿಂದಿಂದ ಹೇಗೆ ಕರೀತೀ?"

ಕಡಲು ಇನ್ನು ಕರೆಯುವ ಹಾಗಿಲ್ಲ. ಅತ್ತು ಅತ್ತು ಬೊಮ್ಮಜ್ಜಿಯ ಬಳಿ ಬಂದಳು.

"ತಪ್ಪು ನಂದೇ ಮಗಾ, ನಿಂಗೆ ಹೇಳ್ಬಾರ್ದಿತ್ತು," ಎಂದು ಅಜ್ಜಿ ಅವಳ ಕಣ್ಣೊರೆಸಿದಳು. "ಕರೀಬೇಡ. ಆದ್ರೆ ಹೊರಟವ್ರಿಗೆ ನೀರು ಕೊಡೋದಕ್ಕೆ ಯಾವ ಶಾಸ್ತ್ರವೂ ಅಡ್ಡ ಇಲ್ಲ."

ಆ ಸಂಜೆ ಚಂದ್ರ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೊರಟ. ಕಡಲು ಕೂಗಲಿಲ್ಲ. ಸುಮ್ಮನೆ ಎದ್ದು ಬೊಗಸೆ ಎತ್ತಿದಳು. ಯಾರೂ ಕರೆದಿರಲಿಲ್ಲ, ಕೂರಲೇಬೇಕೆಂಬ ಕಟ್ಟೂ ಇರಲಿಲ್ಲ. ಆದರೂ ತನಗಾಗಿ ಎತ್ತಿ ಹಿಡಿದ ಆ ಪುಟ್ಟ ಬೊಗಸೆಯನ್ನು ಕಂಡು ಚಂದ್ರನ ಕಾಲು ಏಳಲಿಲ್ಲ. ಅವನು ಕೂತ. ನೀರು ಕುಡಿದ. ಎರಡು ಗಳಿಗೆ ಹೋಯಿತು.

ಅವನು ಹೊರಟದ್ದು ಸುಳ್ಳಲ್ಲ. ವರ್ಷಕ್ಕೆ ಎರಡು ಬೆರಳಿನಷ್ಟು ದೂರ ಸರಿಯುತ್ತಲೇ ಇದ್ದಾನೆ. ಕಡಲಿಗೂ ಅದು ಗೊತ್ತು. ಬೆನ್ನು ಮಾತ್ರ ಯಾರಿಗೂ ತೋರಿಸಿಲ್ಲ. ನೀನು ಯಾವ ದಿನ ನೋಡಿದರೂ ಅದೇ ಮುಖ.

ಬೊಮ್ಮಜ್ಜಿಯ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ಕುತ್ತಿಗೆ ಮಟ್ಟ ನೀರಿಗೆ ಇಳಿಯಬೇಕಿಲ್ಲ. ಕಡಲು ಸರಿದಾಗ ತೆರೆದ ಕೆಸರಿನಲ್ಲಿ ಕೂತು ಚಿಪ್ಪು ಹೆಕ್ಕುತ್ತಾರೆ. ನೀನೂ ಅವರ ಜೊತೆ ಕೂತಿರುವಾಗ, ನಿನ್ನೆಗಿಂತ ಎರಡು ಗಳಿಗೆ ತಡವಾಗಿ ನೀರು ಬಂದು ನಿನ್ನ ಕಾಲು ಮುಟ್ಟಿದರೆ, ಬುಟ್ಟಿ ಎತ್ತಿಕೊಂಡು ದಾರಿ ಬಿಡು ಮಗೂ, ಅವಳು ಮಾವನಿಗೆ ನೀರು ಕೊಡಲು ಓಡುತ್ತಿದ್ದಾಳೆ.